ಗುಡುಗುಡು ಅನ್ನುವುದು ಗೀಸರಲ್ಲ, ನೀರು

ಗ್ಯಾಸ್ ಗೀಸರ್ ಸದ್ದು ಮಾಡತೊಡಗಿದರೆ ಎಲ್ಲ ಕಡೆಯೂ ಸಿಗುವ ಸಲಹೆ ಒಂದೇ: "ಹಳೇದಾಯ್ತು, ಹೊಸದು ಹಾಕ್ಸಿ." ಕಂಪನಿಯಿಂದ ಬಂದ ಹುಡುಗ ಅದನ್ನೇ ಹೇಳುತ್ತಾನೆ, ರಸ್ತೆ ತುದಿಯ ಹಾರ್ಡ್‌ವೇರ್ ಅಂಗಡಿಯವರೂ ಅದನ್ನೇ ಹೇಳುತ್ತಾರೆ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಹತ್ತು ಜನ ಹತ್ತು ಕಂಪನಿಯ ಹೆಸರು ಸೇರಿಸಿ ಅದನ್ನೇ ಹೇಳುತ್ತಾರೆ. ಕನಕಪುರ ರಸ್ತೆಯ ಆಚೀಚೆ ಬೆಳೆದ ನಮ್ಮಂಥ ಬಡಾವಣೆಗಳಿಂದ ಹೀಗೆ ಹೊರಬಿದ್ದ ಗೀಸರುಗಳು ಗುಜರಿ ಗಾಡಿ ಏರುತ್ತಲೇ ಇರುತ್ತವೆ. ಗುಜರಿಯವನು ಖುಷಿಯಾಗಿಯೇ ಒಯ್ಯುತ್ತಾನೆ. ಒಳಗಿರುವ ತಾಮ್ರದ ಬೆಲೆ ಅವನಿಗೆ ಗೊತ್ತು. ಹೊಸ ಗೀಸರ್ ಒಂದಷ್ಟು ಕಾಲ ತೆಪ್ಪಗಿದ್ದು ಆಮೇಲೆ ಅದೇ ರಾಗ ಎಳೆಯುತ್ತದೆ. ಎಳೆಯದೆ ಏನು ಮಾಡೀತು? ಬದಲಾಗಿದ್ದು ಗೀಸರ್ ತಾನೆ, ನೀರು ಹಳೆಯದೇ.

ನಮ್ಮ ಮನೆಯದು ನಿಮಿಷಕ್ಕೆ 6 ಲೀಟರ್ ಕೊಡುವ ಸಾಮಾನ್ಯ ಗ್ಯಾಸ್ ಗೀಸರ್. ಅಡುಗೆಮನೆ ಹಿಂದಿನ ಯುಟಿಲಿಟಿಯ ಗೋಡೆಗೆ ತೂಗುಹಾಕಿದ್ದೇವೆ, ಅಲ್ಲಿಂದ ಬಚ್ಚಲಿಗೆ ಪೈಪು. ಕರೆಂಟ್ ಗೀಸರಿನ ಹಾಗೆ ಒಳಗೆ ನೀರು ನಿಲ್ಲುವ ಟ್ಯಾಂಕ್ ಇಲ್ಲ. ನಲ್ಲಿ ತಿರುಗಿಸಿದ ಕೂಡಲೆ ಹರಿಯುವ ನೀರಿನ ಒತ್ತಡಕ್ಕೆ ಒಂದು ರಬ್ಬರ್ ಡಯಾಫ್ರಮ್ ಉಬ್ಬಿ ಸ್ವಿಚ್ ಒತ್ತುತ್ತದೆ, ಟಿಕ್‌ಟಿಕ್ ಅಂತ ಕಿಡಿ ಹಾರುತ್ತದೆ, ಗ್ಯಾಸಿನ ವಾಲ್ವ್ ತೆರೆದು ಬರ್ನರ್ ಹತ್ತಿಕೊಳ್ಳುತ್ತದೆ. ಮೇಲಿರುವ ತಾಮ್ರದ ಕಾಯಿಲ್‌ನಲ್ಲಿ ಓಡಿಹೋಗುವಷ್ಟು ಹೊತ್ತಿನಲ್ಲೇ ನೀರು ಕಾಯಬೇಕು. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಏರಿಸಬೇಕೆಂದರೆ ಲೆಕ್ಕಕ್ಕೆ ಹತ್ತೂವರೆ ಕಿಲೋವ್ಯಾಟ್ ಶಾಖ ಬೇಕು. ಅತಿಥಿಗಳ ಬಚ್ಚಲಿಗೆ ಹಾಕಿಸುವ 3 ಲೀಟರಿನ ಕರೆಂಟ್ ಗೀಸರ್ ಸಾಮಾನ್ಯವಾಗಿ 3 ಕಿಲೋವ್ಯಾಟಿನದು. ಅದರ ಮೂರೂವರೆ ಪಟ್ಟು ಬೆಂಕಿ, ಬೆರಳು ದಪ್ಪದ ಕೊಳವೆಯೊಂದರ ಕೆಳಗೆ. ಅಲ್ಲಿ ಒಂದಿಷ್ಟು ಹೆಚ್ಚುಕಮ್ಮಿಯಾದರೂ ಅದು ಕಿವಿಗೆ ಬೀಳುತ್ತದೆ.

ಸದ್ದು ಹೇಗಿದೆ ಅನ್ನುವುದನ್ನು ಯಾರಿಗಾದರೂ ವಿವರಿಸಲು ಹೊರಟರೆ ಸೋಲು ಗ್ಯಾರಂಟಿ. ನನಗೆ ಗುಡುಗುಡು ಅನ್ನಿಸಿದ್ದು ನನ್ನ ಗಂಡನಿಗೆ ಗೊರಗೊರ, ಅತ್ತೆಗೆ "ಯಾರೋ ಕಲ್ಲು ಕುಟ್ಟಿದ ಹಂಗೆ". ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ ಎಲ್ಲವೂ ಮಳೆ ಸುರಿದಂತೆಯೇ ಕೇಳುತ್ತದೆ. ಹಾಗಾಗಿ ನಾನು ಸದ್ದಿನ ಬಣ್ಣನೆ ಬಿಟ್ಟು ಅದರ ಹೊತ್ತನ್ನು ಹಿಡಿದೆ. ನಲ್ಲಿ ತಿರುಗಿಸಿದ ಕೂಡಲೆ ಬರುತ್ತದೋ, ಬೆಂಕಿ ಹತ್ತುವಾಗ ಬರುತ್ತದೋ, ಉರಿಯುತ್ತ ಒಂದು ನಿಮಿಷವಾದ ಮೇಲೋ, ನಲ್ಲಿ ನಿಲ್ಲಿಸಿದಾಗಲೋ. ಮುಕ್ಕಾಲು ಪಾಲು ಉತ್ತರ ಇಲ್ಲೇ ಸಿಗುತ್ತದೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಸುಲಭ. ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ, ಗೀಸರಿನ ಬುಡದ ಡಬ್ಬಿಯಿಂದ ಎರಡೂ ದಪ್ಪ ಸೆಲ್ಲು ತೆಗೆದು, ಬಿಸಿನೀರಿನ ನಲ್ಲಿಯನ್ನು ಪೂರ್ತಿ ಬಿಡುವುದು. ಈಗ ಗೀಸರ್ ಬರೀ ಪೈಪು. ಆಗಲೂ ಸದ್ದಿದ್ದರೆ ಅದು ಬೆಂಕಿಗೆ ಸಂಬಂಧಪಟ್ಟಿದ್ದಲ್ಲ: ಒಳಹೋಗುವ ನೀರಿನ ಜಾಲರಿಯಲ್ಲಿ ಮರಳು ಕೂತಿರಬಹುದು, ಆಂಗಲ್ ವಾಲ್ವಿನ ವಾಷರ್ ಸಡಿಲವಾಗಿ ಅದುರುತ್ತಿರಬಹುದು, ಕನೆಕ್ಷನ್ ಪೈಪು ಮಡಚಿಕೊಂಡಿರಬಹುದು. ನಮ್ಮ ಮನೆಯಲ್ಲಿ ಹೀಗೆ ಬಿಟ್ಟಾಗ ಸಣ್ಣಗೆ ಶುಯ್ ಅನ್ನುವುದು ಬಿಟ್ಟರೆ ಬೇರೇನೂ ಇಲ್ಲ. ಜಾಲರಿ ಬಿಚ್ಚಿ ನೋಡಿದರೆ ಉಗುರಿನ ಮೇಲೆ ನಿಲ್ಲುವಷ್ಟು ಮರಳು, ಒಂದು ಚೂರು ಬಿಳಿ ಟೆಫ್ಲಾನ್ ಟೇಪು. ತೊಳೆದು ಹಾಕಿದೆ, ಶುಯ್ ನಿಂತಿತು. ಗುಡುಗುಡು ನಿಲ್ಲಲಿಲ್ಲ.

ಹತ್ತುವಾಗಿನ ಧಬ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಗೀಸರಿನ ಸದ್ದುಗಳ ಪೈಕಿ ತಡಮಾಡದೆ ಸರಿಪಡಿಸಬೇಕಾದದ್ದು ಅದು. ಕಿಡಿ ಹಾರುವುದೂ ಗ್ಯಾಸ್ ಬರುವುದೂ ಒಟ್ಟೊಟ್ಟಿಗೆ ಆಗಬೇಕು. ಸೆಲ್ಲು ಸೊರಗಿದ್ದರೆ ಕಿಡಿ ಬಡವಾಗುತ್ತದೆ. ಟಿಕ್, ಟಿಕ್, ಟಿಕ್ ಅಂತ ಅಳೆದೂ ಸುರಿದೂ ಹೊಡೆಯುವಷ್ಟರಲ್ಲಿ ಬರ್ನರ್ ಸುತ್ತ ಗ್ಯಾಸ್ ತುಂಬಿಕೊಂಡಿರುತ್ತದೆ. ಆಮೇಲೆ ಹತ್ತುವುದು ಒಂದೇ ಸಲಕ್ಕೆ. ಎಲ್‌ಪಿಜಿ ಗಾಳಿಗಿಂತ ಭಾರ, ತಾನಾಗಿ ಮೇಲೆ ತೇಲಿ ಹೋಗುವುದಿಲ್ಲ. ಮುಂಭಾಗದ ತಗಡು ಅದುರುವಂತೆ ಧಬ್ ಅಂದರೆ ಮೊದಲು ಎರಡೂ ಸೆಲ್ಲನ್ನು ಒಟ್ಟಿಗೇ ಬದಲಾಯಿಸಿ. ಟಿವಿ ರಿಮೋಟಿನಿಂದ ಕಿತ್ತ ಅರ್ಧ ಜೀವದ ಸೆಲ್ಲು ಇಲ್ಲಿ ನಡೆಯುವುದಿಲ್ಲ, ಅಳತೆಯೂ ಬೇರೆ. ಸೆಲ್ಲು ಹೊಸದಾದ ಮೇಲೂ ಧಬ್ ಅಂದರೆ ಕಿಡಿ ಕಡ್ಡಿಯ ತುದಿಯಲ್ಲಿ ಮಸಿ ಹಿಡಿದಿರುತ್ತದೆ, ಇಲ್ಲವೇ ಬರ್ನರಿನ ತೂತುಗಳಲ್ಲಿ ಜೇಡರ ಬಲೆ ಕಟ್ಟಿರುತ್ತದೆ. ಊರಿಗೆ ಹೋಗಿ ಬಂದ ಮೇಲೆ ಧಬ್ ಶುರುವಾಯಿತು ಅಂದರೆ ನನ್ನ ಅನುಮಾನ ಜೇಡದ ಮೇಲೆಯೇ. ಅದನ್ನು ಬಿಚ್ಚುವುದು ಮೆಕ್ಯಾನಿಕ್ ಕೆಲಸ, ಮನೆಯವರು ಸ್ಕ್ರೂಡ್ರೈವರ್ ಹಿಡಿಯುವ ಜಾಗ ಅಲ್ಲ.

ಸಿಳ್ಳೆ ರೆಗ್ಯುಲೇಟರಿನ ಕಡೆಯಿಂದ ಬಂದರೆ ಅದನ್ನು ಆಫ್ ಮಾಡಿ, ಬಿಚ್ಚಿ ನೋಡಲು ಹೋಗದೆ ಏಜೆನ್ಸಿಗೆ ಹೇಳಿ. ವಾಸನೆಯೂ ಇದ್ದರೆ ಲೈಟ್ ಸ್ವಿಚ್ ಒತ್ತದೆ ಕಿಟಕಿ ಬಾಗಿಲು ತೆಗೆಯಿರಿ, ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ. ಪೈಪ್ ಗ್ಯಾಸ್ ಬಂದ ಬಡಾವಣೆಗಳಲ್ಲಿ ಇನ್ನೊಂದು ಗೊಂದಲವಿದೆ. ಗ್ಯಾಸ್ ಚಿಮ್ಮುವ ಜೆಟ್ಟಿನ ತೂತು ಎಲ್‌ಪಿಜಿಗೆ ಚಿಕ್ಕದು, ಪೈಪ್ ಗ್ಯಾಸಿಗೆ ದೊಡ್ಡದು ಬೇಕು. ಮನೆ ಬದಲಿಸುವಾಗ ಜೆಟ್ ಬದಲಿಸದೆ ಗೀಸರ್ ಒಯ್ದರೆ ಒಂದು ಕಡೆ ಉರಿ ಸೊರಗುತ್ತದೆ, ಇನ್ನೊಂದು ಕಡೆ ಭೋರ್ಗರೆಯುತ್ತದೆ.

ಬೆಂಗಳೂರಿನ ಮನೆಗಳಿಗೇ ಅಂಟಿದ ಸದ್ದೊಂದಿದೆ: ಟಕ್, ಧಪ್, ಟಕ್, ಧಪ್, ಸ್ನಾನ ಮುಗಿಯುವವರೆಗೂ. ಬೆಂಕಿ ಹತ್ತಿ ಆರಿ ಹತ್ತಿ ಆರುವ ಸದ್ದು. ಇದು ನೀರಿನ ಒತ್ತಡದ ತಕರಾರು. ಹತ್ತು ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಅಂದರೆ, ಮೇಲಿನ ಮಹಡಿಯ ಬಚ್ಚಲಿಗೂ ತಾರಸಿಯ ಟ್ಯಾಂಕಿಗೂ ಇರುವ ಎರಡು ಮೂರು ಮೀಟರಿಗೆ ಸಿಗುವುದು 0.2, 0.3 ಬಾರ್ ಮಾತ್ರ. ಡಯಾಫ್ರಮ್ ಉಬ್ಬಲು ಅದು ಸಾಕೋ ಸಾಲದೋ ಅನ್ನುವ ಮಟ್ಟ. ಅದಕ್ಕೆ ಜನ ಪ್ರೆಷರ್ ಪಂಪ್ ಹಾಕಿಸುತ್ತಾರೆ. ಶವರನ್ನು ಸಣ್ಣಗೆ ಬಿಟ್ಟುಕೊಂಡರೆ ಆ ಪಂಪು ಪೈಪು ತುಂಬಿತೆಂದು ನಿಲ್ಲುತ್ತದೆ, ಒತ್ತಡ ಇಳಿದರೆ ಮತ್ತೆ ಓಡುತ್ತದೆ, ಗೀಸರ್ ಅದರ ತಾಳಕ್ಕೆ ಕುಣಿಯುತ್ತದೆ. ಪಕ್ಕದ ಮನೆಯವರು ಇದಕ್ಕಾಗಿ ಗೀಸರನ್ನೇ ಬದಲಿಸಿದರು. ಹೊಸ ಗೀಸರ್ ಈಗ ಹಳೆಯದರಷ್ಟೇ ಚೆನ್ನಾಗಿ ಕುಣಿಯುತ್ತಿದೆ.

ನಮ್ಮದು ಇದ್ಯಾವುದೂ ಅಲ್ಲ. ನಲ್ಲಿ ಬಿಟ್ಟಾಗ ಸದ್ದಿಲ್ಲದೆ ಹತ್ತುತ್ತಿತ್ತು. ಅರ್ಧ ನಿಮಿಷ ಸುಮ್ಮನೆ ಉರಿಯುತ್ತಿತ್ತು. ಆಮೇಲೆ ಒಳಗೆ ಟೊಕ್ ಅಂತ ಒಂದು, ಮತ್ತೊಂದು, ನೋಡನೋಡುತ್ತ ಒಂದರ ಹಿಂದೊಂದು ಸೇರಿಕೊಂಡು ಗುಡುಗುಡು. ನಲ್ಲಿ ನಿಲ್ಲಿಸಿದ ಮೇಲೂ ನಾಲ್ಕಾರು ಟೊಕ್ ಬಾಕಿ. ಮುಖ್ಯ ಸುಳಿವು ಸಿಕ್ಕಿದ್ದು ಮುಂಭಾಗದ ಮೂರು ಗುಂಡಿಗಳಿಂದ. ಬೇಸಿಗೆ–ಚಳಿಗಾಲದ ಗುಂಡಿಯನ್ನು ಬೇಸಿಗೆಗೆ ತಿರುಗಿಸಿದರೆ ಬರ್ನರಿನ ಒಂದು ಭಾಗ ಆರಿ, ಸದ್ದು ಇಳಿಯಿತು. ಗ್ಯಾಸಿನ ಗುಂಡಿ ತಗ್ಗಿಸಿದರೆ ಇನ್ನೂ ಇಳಿಯಿತು. ನೀರಿನ ಗುಂಡಿ ಹೆಚ್ಚಿಸಿದರೆ ಪೂರ್ತಿ ನಿಂತಿತು, ಆದರೆ ಬಂದದ್ದು ಉಗುರುಬೆಚ್ಚಗಿನ ನೀರು. ಬೆಂಕಿ ತಗ್ಗಿದರೆ ಅಥವಾ ನೀರು ಹೆಚ್ಚಿದರೆ ಸದ್ದು ಹೋಗುತ್ತದೆ ಅಂದಮೇಲೆ ಕಾಯಿಲ್ ಒಳಗೆ ನೀರು ಎಲ್ಲೋ ಕುದಿಯುತ್ತಿದೆ.

ಇದು ಹಳೆಯ ಸದ್ದೇ. ಅತ್ತೆ ತೀರ್ಥಹಳ್ಳಿ ಕಡೆಯವರು, ಬಚ್ಚಲೊಲೆಯ ಮುಂದೆ ಕೂತು ಬೆಳೆದವರು. "ಹಂಡೆನೂ ಕಾಯಕ್ಕೆ ಮುಂಚೆ ಸದ್ದು ಮಾಡ್ತಿತ್ತು ಕಣೇ. ಸದ್ದು ನಿಂತ್ರೆ ನೀರು ಕಾದದ್ದು ಅಂತ ಲೆಕ್ಕ" ಅಂದರು. ಸರಿಯಾದ ಮಾತು. ಹಂಡೆಯ ತಳದ ನೀರು ಮೊದಲು ಕುದಿದು ಆವಿಯ ಗುಳ್ಳೆ ಏಳುತ್ತದೆ, ಮೇಲಿನ ತಣ್ಣೀರು ತಾಗಿದ ಕೂಡಲೆ ಆ ಗುಳ್ಳೆ ಪಟ್ಟನೆ ಕುಸಿಯುತ್ತದೆ. ಸದ್ದು ಬರುವುದು ಗುಳ್ಳೆ ಹುಟ್ಟುವಾಗ ಅಲ್ಲ, ಕುಸಿಯುವಾಗ. ಇಡೀ ಹಂಡೆ ಕಾದ ಮೇಲೆ ಕುಸಿಯಲು ತಣ್ಣೀರೇ ಇಲ್ಲ, ಸದ್ದೂ ಇಲ್ಲ. ಗೀಸರಿನ ಕಾಯಿಲ್‌ನಲ್ಲಿ ಮಾತ್ರ ತಣ್ಣೀರು ಬರುವುದು ನಿಲ್ಲುವುದಿಲ್ಲ, ಆದ್ದರಿಂದ ಸದ್ದೂ ನಿಲ್ಲುವುದಿಲ್ಲ.

ಆದರೆ ನಲ್ಲಿಯಲ್ಲಿ ಬರುವ ನೀರು 45, 50 ಡಿಗ್ರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ ನಿಜ. ಆದರೂ ಐವತ್ತಕ್ಕೂ ತೊಂಬತ್ತೇಳಕ್ಕೂ ಬಹಳ ಅಂತರವಿದೆ. ಹಾಗಿದ್ದೂ ಕುದಿಯುತ್ತದೆ ಅಂದರೆ ಕೊಳವೆಯ ಗೋಡೆಗಂಟಿದ ತೆಳು ಪದರಿನ ನೀರು ಮಾತ್ರ ಕುದಿಯುತ್ತಿದೆ. ಅದಕ್ಕೆ ಕಾರಣ ಸುಣ್ಣ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್, ಬಿಸಿ ತಾಗಿದಾಗ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಗೋಡೆಗೆ ಕೂರುತ್ತದೆ. ಸಕ್ಕರೆ, ಉಪ್ಪು ಬಿಸಿನೀರಿನಲ್ಲಿ ಹೆಚ್ಚು ಕರಗುತ್ತವೆ. ಇದು ತದ್ವಿರುದ್ಧ, ಬಿಸಿಯಾದಷ್ಟೂ ಹೊರಬರುತ್ತದೆ. ಶಾಖ ಸಾಗಿಸುವುದರಲ್ಲಿ ತಾಮ್ರಕ್ಕೂ ಈ ಪದರಿಗೂ ನೂರು ಪಟ್ಟಿಗೂ ಮೀರಿದ ಅಂತರವಿದೆ. ಕೆಳಗಿನ ಬೆಂಕಿ ಅಷ್ಟೇ ಇದೆ, ಒಳಗಿನ ನೀರಿಗೆ ಶಾಖ ದಾಟಲು ತಡೆ ಬಂದಿದೆ. ತಾಮ್ರ ತಾನೇ ಕಾಯುತ್ತದೆ, ಸುಣ್ಣದ ಸಂದುಗಳಲ್ಲಿ ಸಿಕ್ಕಿಕೊಂಡ ನೀರು ಅಲ್ಲಲ್ಲೇ ಆವಿಯಾಗಿ ಸಿಡಿಯುತ್ತದೆ. ಇನ್ನೂ ಒಂದು ಪೆಟ್ಟಿದೆ: ಪದರು ದಪ್ಪವಾದಂತೆ ಕೊಳವೆ ಕಿರಿದಾಗುತ್ತದೆ, ನೀರು ನಿಧಾನವಾಗುತ್ತದೆ, ಇನ್ನಷ್ಟು ಕಾಯುತ್ತದೆ, ಇನ್ನಷ್ಟು ಸುಣ್ಣ ಉದುರುತ್ತದೆ. ಚಳಿಗಾಲದಲ್ಲಿ ನೀರು ಸುಡುವಷ್ಟು ಬಿಸಿ ಬೇಕೆಂದು ನೀರಿನ ಗುಂಡಿಯನ್ನು ತೀರಾ ತಗ್ಗಿಸಿಡುವ ಮನೆಗಳಲ್ಲಿ ಗೀಸರ್ ಬೇಗ ಗುಡುಗುವುದು ಇದರಿಂದಲೇ.

ಕಂಪನಿಯ ಹುಡುಗ ಬಂದ. ಮುಂಭಾಗದ ತಗಡು ತೆಗೆಯದೆಯೇ, ಸದ್ದು ಕೇಳಿಯೇ ತೀರ್ಪು ಕೊಟ್ಟ.

"ಕಾಯಿಲ್ ಬ್ಲಾಕ್ ಆಗಿದೆ ಮೇಡಂ. ಬರೀ ಕಾಯಿಲ್ ಹಾಕಿದ್ರೂ ಅರ್ಧ ಗೀಸರ್ ರೇಟ್ ಆಗ್ತದೆ. ಹೊಸದೇ ತಗೊಂಡ್ಬಿಡಿ, ವಾರಂಟಿನೂ ಬರತ್ತೆ."

"ಕ್ಲೀನ್ ಮಾಡಕ್ಕೆ ಬರಲ್ವಾ?"

"ಆಸಿಡ್ ಹಾಕ್ಬೋದು ಮೇಡಂ. ಆದ್ರೆ ತೂತು ಬಿದ್ರೆ ನಾವು ಜವಾಬ್ದಾರಿ ಅಲ್ಲ."

ರೋಗ ಹಿಡಿದದ್ದರಲ್ಲಿ ಹುಡುಗನದು ತಪ್ಪಿಲ್ಲ. ತೂತು ಬೀಳುವ ಮಾತೂ ನಿಜ, ಏಕೆಂದರೆ ಅವನ ಮನಸ್ಸಿನಲ್ಲಿದ್ದದ್ದು ಕಕ್ಕಸು ತೊಳೆಯುವ ಆಸಿಡ್. ಅದು ಹೈಡ್ರೋಕ್ಲೋರಿಕ್ ಆಮ್ಲ. ಸುಣ್ಣವನ್ನು ಕ್ಷಣದಲ್ಲಿ ತಿನ್ನುತ್ತದೆ, ಜೊತೆಗೆ ಹಿತ್ತಾಳೆಯ ವಾಲ್ವು, ಬೆಸುಗೆಯ ಜಾಗಗಳನ್ನೂ ಬಿಡುವುದಿಲ್ಲ. ತಾಮ್ರದ ಚೆಂಬಿಗೆ ನಮ್ಮ ಮನೆಗಳಲ್ಲಿ ಹುಣಸೆಹಣ್ಣು ತಿಕ್ಕುತ್ತಾರೆಯೇ ಹೊರತು ಯಾರೂ ಅಂಥ ಆಸಿಡ್ ಸುರಿಯುವುದಿಲ್ಲ. ಕಾಯಿಲ್ ಒಳಕ್ಕೆ ಕೈ ಹೋಗುವುದಿಲ್ಲವಾದ್ದರಿಂದ ಹುಣಸೆಹಣ್ಣು ಆಗದು, ಅದರ ಮನೆತನದ್ದೇ ಇನ್ನೊಂದು ಹುಳಿ ಆದೀತು. ಸಿಟ್ರಿಕ್ ಆಸಿಡ್. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಪೊಟ್ಟಣ ಕೊಡುತ್ತಾರೆ.

ಬೇಕಾದ ಸರಂಜಾಮು ಇಷ್ಟೇ: ಒಂದು ಬಕೆಟ್, ಏರ್ ಕೂಲರಿನಲ್ಲಿ ಮುಳುಗಿಸುವ ಸಣ್ಣ ಪಂಪು, ಎರಡು ಕನೆಕ್ಷನ್ ಪೈಪು, ಸ್ಪ್ಯಾನರ್, ಟೆಫ್ಲಾನ್ ಟೇಪ್. ಗ್ಯಾಸ್ ಬಂದ್ ಮಾಡುವುದು, ಸೆಲ್ಲು ತೆಗೆದಿಡುವುದು ಮೊದಲ ಕೆಲಸ. ಪಂಪಿನ ನೀರು ಹರಿದಾಗ ಗೀಸರ್ ತನ್ನನ್ನು ಯಾರೋ ಸ್ನಾನಕ್ಕೆ ಕರೆದರು ಅಂದುಕೊಂಡು ಹತ್ತಿಕೊಳ್ಳಬಾರದಲ್ಲ. ಆಂಗಲ್ ವಾಲ್ವ್ ಮುಚ್ಚಿ, ತಣ್ಣೀರಿನದು ಬಿಸಿನೀರಿನದು ಎರಡೂ ಪೈಪು ಬಿಚ್ಚಿದೆವು. ಪಂಪಿನಿಂದ ಒಂದು ಪೈಪು ಒಳಹೋಗುವ ಬಾಯಿಗೆ, ಹೊರಬರುವ ಬಾಯಿಯಿಂದ ಇನ್ನೊಂದು ಪೈಪು ಮರಳಿ ಬಕೆಟ್ಟಿಗೆ. 5 ಲೀಟರ್ ನೀರಿಗೆ 250 ಗ್ರಾಂ ನಿಂಬೆ ಉಪ್ಪು. ನೀರು ತಣ್ಣಗಿದ್ದರೆ ಸಾಕು, ಹೆಚ್ಚೆಂದರೆ ಉಗುರುಬೆಚ್ಚಗೆ. ಬಿಸಿ ಇದ್ದರೆ ಬೇಗ ಕರಗೀತು ಅನ್ನಿಸುತ್ತದೆ, ಆದರೆ ಸುಣ್ಣವೂ ಸಿಟ್ರಿಕ್ ಆಮ್ಲವೂ ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿಯಲ್ಲಿ ಕರಗದೆ ಬಿಳಿ ಹಿಟ್ಟಾಗಿ ಕೊಳವೆಯಲ್ಲೇ ಕೂರಬಹುದು.

ಪಂಪು ಹಾಕಿದ ಮೇಲೆ ಮೊದಲು ಬಂದದ್ದು ತಿಳಿನೀರು. ಸ್ವಲ್ಪ ಹೊತ್ತಿಗೆ ಪೈಪಿನ ಬಾಯಲ್ಲಿ ಸೋಡಾ ಬುರುಗು. ಸುಣ್ಣ ಬಿಡುತ್ತಿದ್ದ ಇಂಗಾಲದ ಡೈಆಕ್ಸೈಡ್ ಅದು. ಬುರುಗಿನ ಹಿಂದೆ ಮಾಸಲು ನೀರು, ಅದರಲ್ಲಿ ಮೊಟ್ಟೆ ಸಿಪ್ಪೆಯ ಚೂರಿನಂತೆ ಬಿಳಿ ಹಕ್ಕಳೆಗಳು. ಒಂದನ್ನು ಬೆರಳಲ್ಲಿ ತೆಗೆದು ನೋಡಿದೆ: ಒಂದು ಬದಿ ಒರಟು, ಇನ್ನೊಂದು ಬದಿ ನುಣುಪಾಗಿ ಬಾಗಿತ್ತು, ಕೊಳವೆಯ ಒಳಮೈಯ ಅಚ್ಚು ಅದರಲ್ಲಿ ಇಳಿದಿತ್ತು. ಬುರುಗು ಕಡಿಮೆಯಾದಾಗ ಎರಡು ಅರ್ಥ ಇರಬಹುದು, ಸುಣ್ಣ ತೀರಿತು ಅಥವಾ ಹುಳಿ ತೀರಿತು. ತಿಳಿಯಲು ಇನ್ನೊಂದು ಚಮಚ ನಿಂಬೆ ಉಪ್ಪು ಹಾಕಿ ನೋಡಬೇಕು. ಮತ್ತೆ ಬುರುಗೆದ್ದರೆ ಸುಣ್ಣ ಇನ್ನೂ ಉಳಿದಿದೆ. ನಮ್ಮಲ್ಲಿ ಎದ್ದಿತು. ಬಕೆಟ್ಟಿನ ನೀರಿಗೆ ನೀಲಿಹಸಿರು ಛಾಯೆ ಬಂದರೆ ಮಾತ್ರ ನಿಲ್ಲಿಸಿಬಿಡಿ, ಆಗ ಕರಗುತ್ತಿರುವುದು ತಾಮ್ರ. ಕೊನೆಗೆ ಒಳ್ಳೆಯ ನೀರನ್ನು ಧಾರಾಳವಾಗಿ ಹಾಯಿಸಿ ಪೈಪು ಮರಳಿ ಕೂಡಿಸಿ, ನೀರು ಸೋರುವುದಿಲ್ಲ ಅಂತ ಖಾತ್ರಿಯಾದ ಮೇಲೆ ಸೆಲ್ಲು, ಆಮೇಲೆ ಗ್ಯಾಸ್.

ಗುಡುಗುಡು ಹೋಯಿತು. ಒಂದೆರಡು ಟೊಕ್ ಉಳಿದಿದೆ. ತಾಮ್ರ ಹಿಗ್ಗಿ ಕುಗ್ಗುವ ಸದ್ದು, ಅದು ಹೊಸ ಗೀಸರಿಗೂ ಇರುತ್ತದೆ.

ಪ್ರಶ್ನೆ ಉಳಿದದ್ದು ಬೇರೆ. ಇದೇ ಗೀಸರ್ ಹಿಂದೆ ವರ್ಷಗಟ್ಟಲೆ ಸುಮ್ಮನಿತ್ತು, ಈಗೇಕೆ? ಯೋಚಿಸಿದರೆ ಗುಡುಗು ಬಲಿತದ್ದು 2024ರ ಬೇಸಿಗೆಯ ನಂತರ. ಆ ಬೇಸಿಗೆಯಲ್ಲಿ ನಮ್ಮ ಬಡಾವಣೆಯ ಬೋರ್ ಕೈಕೊಟ್ಟಿತ್ತು, ಬೆಂಗಳೂರಿನ ಹೊರವಲಯವೆಲ್ಲ ಟ್ಯಾಂಕರ್ ಕಾಯುತ್ತ ಕೂತಿತ್ತು. ಟ್ಯಾಂಕರಿನ ನೀರು ಯಾವ ಬೋರಿನದು, ಎಷ್ಟು ಆಳದ್ದು ಅಂತ ಕೇಳುವ ಧೈರ್ಯ ಯಾರಿಗಿತ್ತು? ಬಂದರೆ ಸಾಕು ಅನ್ನುವ ಕಾಲ. ಅತ್ತೆ ಮಾತ್ರ ಮೊದಲ ವಾರವೇ ಹೇಳಿದ್ದರು: "ಈ ನೀರಲ್ಲಿ ಬೇಳೆ ಬೇಯಲ್ಲ ಕಣೇ." ಕುಕ್ಕರಿನಲ್ಲಿ ಎರಡು ಸೀಟಿ ಹೆಚ್ಚು ಕೂಗಿಸಿದರೂ ತೊಗರಿಬೇಳೆ ಗಟ್ಟಿಗಟ್ಟಿ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ ಜೊತೆ ಸೇರಿ ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ಅಡುಗೆಮನೆಗೆ ಆ ಬೇಸಿಗೆಯಲ್ಲೇ ಗೊತ್ತಾದದ್ದು ಗೀಸರಿನ ಬಾಯಿಗೆ ಬರಲು ಇಷ್ಟು ಕಾಲ ಹಿಡಿಯಿತು.

ನೀರು ಪರೀಕ್ಷೆ ಅಂದಕೂಡಲೆ ನಮ್ಮವರು ಪೆನ್ನಿನಂಥ ಟಿಡಿಎಸ್ ಮೀಟರ್ ತೆಗೆಯುತ್ತಾರೆ. ಆರ್‌ಒ ಮಾರುವವರು ಕಲಿಸಿಕೊಟ್ಟ ಅಭ್ಯಾಸ. ಕರಗಿದ ಲವಣವೆಲ್ಲ ಸೇರಿ ಎಷ್ಟು ಅನ್ನುವುದನ್ನಷ್ಟೇ ಅದು ಅಂದಾಜಿಸುತ್ತದೆ. ಅದರಲ್ಲಿ ಅಡುಗೆ ಉಪ್ಪೆಷ್ಟು ಸುಣ್ಣವೆಷ್ಟು ಅಂತ ಅದಕ್ಕೆ ತಿಳಿಯದು. ಗೀಸರಿಗೆ ಲೆಕ್ಕಕ್ಕೆ ಬರುವುದು ಗಡಸುತನ. ಹನಿ ಹಾಕಿ ನೋಡುವ ಸಣ್ಣ ಕಿಟ್ ಸಿಗುತ್ತದೆ. ಒಂದು ಅಳತೆ ನೀರಿಗೆ ಬಣ್ಣದ ಪುಡಿ ಹಾಕಿದರೆ ದ್ರಾಕ್ಷಾರಸದ ಕೆಂಪು. ಆಮೇಲೆ ಇನ್ನೊಂದು ಬಾಟಲಿಯಿಂದ ಹನಿಹನಿಯಾಗಿ ಬಿಡುತ್ತ ನೀಲಿಗೆ ತಿರುಗುವವರೆಗೆ ಎಣಿಸಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ನಮ್ಮ ಸಂಪಿನ ನೀರು 600ಕ್ಕೆ ನೀಲಿಯಾಗಲಿಲ್ಲ. ಇನ್ನೂ ಹನಿ ಬೇಡಿತು.

600 ಅಂತಲೇ ಇಟ್ಟುಕೊಳ್ಳೋಣ. ದಿನಕ್ಕೆ 100 ಲೀಟರ್ ಬಿಸಿನೀರು ಬಳಸುವ ಮನೆಯ ಗೀಸರಿನೊಳಗೆ ದಿನವೂ 60 ಗ್ರಾಂ ಹಾದುಹೋಗುತ್ತದೆ. ಎಲ್ಲವೂ ಕಾಯಿಸಿದರೆ ಉದುರುವ ಜಾತಿಯದ್ದಲ್ಲ, ಉದುರಿದ್ದೆಲ್ಲ ಅಂಟಿಕೊಳ್ಳುವುದೂ ಇಲ್ಲ. ನೂರರಲ್ಲಿ ಒಂದು ಪಾಲು ಅಂಟಿತು ಅಂದುಕೊಂಡರೂ ವರ್ಷಕ್ಕೆ 200 ಗ್ರಾಂ ದಾಟುತ್ತದೆ. ಅಷ್ಟು ಸುಣ್ಣ ಬೆರಳು ದಪ್ಪದ ಕೊಳವೆಯಲ್ಲಿ.

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆಗೆ ದಿನಕ್ಕೆ 775 ದಶಲಕ್ಷ ಲೀಟರ್ ತರುವ ಯೋಜನೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಸುಮಾರು, ಐನೂರು ಮೀಟರಿನಷ್ಟು ಎತ್ತರಕ್ಕೆ ನೂಕಿಸಿಕೊಂಡು ಬರುವ ನೀರು. ನಮ್ಮ ಬೀದಿಗೂ ಪೈಪು ಬಂದಿದೆ, ನೀರು ದಿನ ಬಿಟ್ಟು ದಿನ. ಕಾವೇರಿ ನೀರನ್ನೇ ಬೇರೆಯಾಗಿ ಹಿಡಿದು ಕಿಟ್ಟಿನಲ್ಲಿ ನೋಡಿದರೆ ಹನಿಗಳು ಕಾಲು ಭಾಗಕ್ಕೂ ಕಡಿಮೆ. ಆದರೆ ಸಂಪು ಒಂದೇ. ಕಾವೇರಿ, ಬೋರು, ಎಂದಾದರೊಮ್ಮೆ ಟ್ಯಾಂಕರು ಎಲ್ಲ ಅದರಲ್ಲೇ ಕೂಡಿಕೊಳ್ಳುತ್ತವೆ. ಸಂಪಿಗೆ ಅಡ್ಡಗೋಡೆ ಕಟ್ಟಿಸಿ ಎರಡು ಭಾಗ ಮಾಡಿ, ಕಾವೇರಿಯದನ್ನು ಅಡುಗೆಮನೆಗೂ ಗೀಸರಿಗೂ, ಬೋರಿನದನ್ನು ಕಕ್ಕಸಿಗೂ ಗಿಡಕ್ಕೂ ಕೊಟ್ಟರೆ ಸಾಫ್ಟ್‌ನರಿನ ಖರ್ಚೇ ಬೇಡ ಅನ್ನುವುದು ನನ್ನ ವಾದ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ಉಪ್ಪಿನ ಮೂಟೆ ಹೊತ್ತು ತಂದು ಸುರಿಯುತ್ತಿರಬೇಕು, ಅದು ತೊಳೆದುಬಿಡುವ ಉಪ್ಪುನೀರು ಮತ್ತೆ ಚರಂಡಿಗೆ. ಇಡೀ ಅಪಾರ್ಟ್‌ಮೆಂಟಿಗೆ ಬೇಕಾದೀತು. ಒಂದು ಮನೆಯ ಒಂದು ಗೀಸರಿಗೆ ಒಂದು ಪೊಟ್ಟಣ ನಿಂಬೆ ಉಪ್ಪು ಸಾಕು.

ಇಷ್ಟೆಲ್ಲ ಸದ್ದಿನ ಪುರಾಣ ಹೇಳಿದ ಮೇಲೆ ಸದ್ದೇ ಮಾಡದ ಕೆಡುಕಿನ ಬಗ್ಗೆ ಹೇಳದಿದ್ದರೆ ಬರಹ ಅರ್ಧವಾದೀತು. ಗ್ಯಾಸ್ ಗೀಸರಿನಿಂದ ಸಾವು ಅಂತ ಬೆಂಗಳೂರಿನ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವಲ್ಲ, ಅವುಗಳಲ್ಲಿ ಗೀಸರ್ ಸಿಡಿದದ್ದು ಕಡಿಮೆ. ಮುಚ್ಚಿದ ಬಚ್ಚಲಿನಲ್ಲಿ ಗೀಸರ್, ಬಾಗಿಲಿಗೆ ಚಿಲಕ, ಚಳಿಗೆ ಕಿಟಕಿಯೂ ಬಂದ್. ಗಾಳಿ ಸಾಲದೆ ಉರಿ ಹಳದಿಗೆ ತಿರುಗಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಲಂಡನ್ನಿನ ಪೇಂಟರ್ ಬೆಂಜಮಿನ್ ವ್ಯಾಡಿ ಮಾನ್ 1868ರಲ್ಲಿ ಮಾಡಿದ ಮೊದಲ ಗ್ಯಾಸ್ ಗೀಸರಿಗೆ ಹೊಗೆ ಹೊರಹೋಗುವ ಕೊಳವೆಯೇ ಇರಲಿಲ್ಲ. ಒಂದೂವರೆ ಶತಮಾನದ ಮೇಲೂ ಬಾಡಿಗೆ ಮನೆಗಳಲ್ಲಿ ಅದೇ ರೀತಿ ಬಚ್ಚಲೊಳಗೆ ಮೊಳೆ ಹೊಡೆದು ತೂಗುಹಾಕುತ್ತಾರೆ. ನಿಮ್ಮ ಗೀಸರಿನ ಕಿಂಡಿಯಲ್ಲಿ ಇಣುಕಿ ನೋಡಿ. ಉರಿ ನೀಲಿ ಇರಬೇಕು. ಹಳದಿ ನಾಲಗೆ, ಮೇಲಿನ ಗೋಡೆಗೆ ಮಸಿ, ಕಣ್ಣುರಿ ಇದ್ದರೆ ಗೀಸರ್ ಎಷ್ಟೇ ಮೆತ್ತಗೆ ಓಡುತ್ತಿರಲಿ, ಬಳಸುವುದನ್ನು ನಿಲ್ಲಿಸಿ. ಅದು ಬಚ್ಚಲೊಳಗಿದ್ದರೆ ಉರಿಯ ಬಣ್ಣ ನೋಡುವುದೂ ಬೇಡ, ಹೊರಗೆ ಹಾಕಿಸಿ.

ಮುಂದಿನ ಸಲ ಪೈಪು ಬಿಚ್ಚುವ ಕಾಟ ಬೇಡವೆಂದು ಪ್ಲಂಬರನ್ನು ಕರೆಸಿ, ಗೀಸರಿಗೆ ಹೋಗುವ ಬರುವ ಎರಡೂ ಪೈಪಿಗೆ ಕವಲೊಡೆಯುವ ಒಂದೊಂದು ಟೀ ಜೋಡಣೆ, ಅದಕ್ಕೊಂದು ಗಿಡ್ಡ ವಾಲ್ವ್ ಹಾಕಿಸಿದೆ. ಪಂಪಿನ ಪೈಪನ್ನು ನೇರ ಅಲ್ಲಿಗೇ ಸಿಕ್ಕಿಸಬಹುದು.

"ಇದನ್ನ ಯಾರೂ ಕೇಳಲ್ಲ ಮೇಡಂ, ಏನಕ್ಕೆ?" ಅಂದ ಆತ.

ಹೇಳಿದೆ. ಬಕೆಟ್ಟಿನ ತಳದಲ್ಲಿ ಉಳಿದಿದ್ದ ಹಕ್ಕಳೆಗಳನ್ನೂ ತೋರಿಸಿದೆ. ಆತ ಒಂದನ್ನು ಉಗುರಲ್ಲಿ ಕೆರೆದು ನೋಡಿ, ಟೀ, ವಾಲ್ವಿನ ಅಳತೆಯನ್ನು ಫೋನಿನಲ್ಲಿ ಬರೆದುಕೊಂಡು, ಹಿಂದಿನ ರಸ್ತೆಯಲ್ಲಿ ಗೀಸರ್ ಗುಡುಗುವ ಮನೆ ಇನ್ನೂ ಎರಡಿವೆ ಅಂತ ಹೊರಟ.